ಫಲಕ ಇಲ್ಲದ ಮರಗಳು

ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಸೂತ್ರಗಳೆಲ್ಲ ಯಾವತ್ತೋ ಮರೆತುಹೋಗಿವೆ. ಆದರೆ ಕಣ್ಣು ಮುಚ್ಚಿಕೊಂಡು ತೊಗಟೆ ಮುಟ್ಟಿ ಇದು ನಂದಿ, ಇದು ಮತ್ತಿ ಅಂತ ಹೇಳುವುದು ಈಗಲೂ ಬರುತ್ತದೆ. ಅದನ್ನು ಕಲಿಸಿದ್ದು ನಮ್ಮ ವಿಜ್ಞಾನದ ಅಕ್ಕೋರು. ಕಲಿತದ್ದು ಶಾಲೆಯ ಹಿಂದಿನ ಬೆಟ್ಟದಲ್ಲಿ. ಸಿರ್ಸಿ, ಸಿದ್ದಾಪುರದ ಕಡೆಯವರಿಗೆ ಬೆಟ್ಟ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದು ನಮ್ಮ ಶಾಲೆಯ ಹಾಸ್ಟೆಲಿನಲ್ಲಿರುವ ಮಕ್ಕಳಿಗಾಗಿ ಹೇಳುತ್ತೇನೆ, ಅಡಿಕೆ ತೋಟಕ್ಕೆ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ತರುವ ಕಾಡು ಅದು. ವರ್ಷ ವರ್ಷ ಸೊಪ್ಪು ಕಡಿಸಿಕೊಂಡು ಅಲ್ಲಿಯ ಎಷ್ಟೋ ಮರಗಳಿಗೆ ಪಕ್ಕದ ಕೊಂಬೆಗಳೇ ಇಲ್ಲ, ಉದ್ದಕ್ಕೆ ಬೆಳೆದು ತುದಿಯಲ್ಲಿ ಮಾತ್ರ ಒಂದಿಷ್ಟು ಹಸಿರು ಇಟ್ಟುಕೊಂಡು ನಿಂತಿರುತ್ತವೆ.

ಕಷ್ಟ ಇರೋದೇ ಇಲ್ಲಿ. ಪುಸ್ತಕದಲ್ಲಿ ಎಲೆಯ ಚಿತ್ರ ಇರುತ್ತದೆ, ಹೂವಿನ ಚಿತ್ರ ಇರುತ್ತದೆ. ಬೆಟ್ಟಕ್ಕೆ ಹೋದರೆ ಎಲೆ 40 ಅಡಿ ಮೇಲೆ, ಹೂವು ವರ್ಷಕ್ಕೆ ಕೆಲವೇ ದಿನ. ಅಕ್ಕೋರು ಮೊದಲ ದಿನವೇ ಹೇಳಿಬಿಟ್ಟರು: "ಮೇಲೆ ನೋಡಿ ಕುತ್ತಿಗೆ ನೋವು ಮಾಡ್ಕೊಬೇಡ್ರೋ. ಮೊದಲು ಮುಟ್ಟಿ. ಆಮೇಲೆ ಬುಡದಲ್ಲಿ ಏನು ಬಿದ್ದಿದೆ ನೋಡಿ. ಎಲೆ ಸಿಕ್ಕರೆ ಹರಿದು ಮೂಸಿ. ಬಾಯಿಗೆ ಮಾತ್ರ ಹಾಕಬೇಡಿ."

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೊರಡುತ್ತಿದ್ದೆವು. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಮರದ ಹತ್ತಿರ ನಿಲ್ಲಿಸುವುದು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ನಂದಿ ಎಲ್ಲಕ್ಕಿಂತ ಸುಲಭ. ನುಣುಪಾದ ಬಿಳಿಚು ತೊಗಟೆ, ಅಲ್ಲಲ್ಲಿ ತೆಳ್ಳಗೆ ಸಿಪ್ಪೆ ಎದ್ದಿರುತ್ತದೆ, ಬಿಸಿಲಿನಲ್ಲೂ ಕೈಗೆ ತಣ್ಣಗೆ. ಮತ್ತಿ ಅದಕ್ಕೆ ಪೂರ್ತಿ ಉಲ್ಟಾ, ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಬಿರಿದ ಕಪ್ಪು ತೊಗಟೆ, ಬೆರಳು ಬಿರುಕಿನೊಳಗೆ ಇಳಿಯುತ್ತದೆ. ಇವೆರಡನ್ನು ಯಾರೂ ತಪ್ಪು ಹೇಳುತ್ತಿರಲಿಲ್ಲ.

ಗಲಾಟೆ ಶುರುವಾಗುತ್ತಿದ್ದದ್ದು ಮತ್ತಿ ಮತ್ತು ಕಿಂದಳದ ನಡುವೆ. ಎರಡೂ ಒಂದೇ ಕುಲದವು. ಮರ ಇನ್ನೂ ಎಳೆಯದಾಗಿದ್ದರೆ ತೊಗಟೆ ನೋಡಿ ಹೇಳುವುದು ದೊಡ್ಡವರಿಗೂ ಕಷ್ಟ. ಆಗ ಬುಡ ಕೆದಕಬೇಕು. ಮತ್ತಿಯ ಕಾಯಿಗೆ ಐದು ರೆಕ್ಕೆ, ಐದೂ ಹೆಚ್ಚುಕಡಿಮೆ ಒಂದೇ ಅಗಲ. ಕಿಂದಳದ ಕಾಯಿ ತೀರಾ ಸಣ್ಣದು, ಅದಕ್ಕೆ ಒಂದು ದೊಡ್ಡ ರೆಕ್ಕೆ, ಎರಡು ಚಿಕ್ಕವು. ಅಂಗೈಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ, ಒಂದು ಸಲ ನೋಡಿದರೆ ಸಾಕು, ಮತ್ತೆ ಯಾವತ್ತೂ ಮರೆಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಕಿಂದಳದ ತುದಿಯೆಲ್ಲ ಈ ಕಾಯಿಗಳಿಂದ ತುಕ್ಕಿನ ಕೆಂಪಾಗುತ್ತದೆ, ಆಗ ಬಸ್ಸಿನ ಕಿಟಕಿಯಿಂದಲೇ ಗುರುತಿಸಬಹುದು. ಮತ್ತಿ ಎಲೆಯಲ್ಲೂ ಒಂದು ಗುಟ್ಟಿದೆ. ಬಿದ್ದ ಎಲೆ ಎತ್ತಿ ಮಗುಚಿ ಹಿಡಿದು ತೊಟ್ಟಿನ ಹತ್ತಿರ ಉಗುರು ಆಡಿಸಿದರೆ ನಡುನರದ ಮೇಲೆ ಒಂದು ಜೋಡಿ ಪುಟ್ಟ ಗಂಟು ಸಿಗುತ್ತದೆ. ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಇದನ್ನು ಎಷ್ಟು ಹಚ್ಚಿಕೊಂಡಿದ್ದಳು ಅಂದರೆ ಮನೆಯ ಗೊಬ್ಬರಗುಂಡಿಯಲ್ಲಿದ್ದ ದರಕನ್ನೂ ಬಿಡುತ್ತಿರಲಿಲ್ಲ.

ಬೇಸಗೆಯಲ್ಲಿ ಕೆಲವು ಮತ್ತಿ ಮರಗಳ ಕಾಂಡದ ಉಬ್ಬು ಕಡಿದರೆ ನೀರು ಚಿಮ್ಮುತ್ತದೆ. ನಮಗೆ ನೋಡುವ ಆಸೆ ಇತ್ತು. ಅಕ್ಕೋರು ಕತ್ತಿ ಮುಟ್ಟಲು ಬಿಡಲಿಲ್ಲ. ಹೊನ್ನೆಯ ಕೆಂಪು ಅಂಟನ್ನು ಮಾತ್ರ ನೋಡಿದ್ದೇವೆ, ದಾರಿ ಬದಿಯ ಮರಕ್ಕೆ ಯಾರೋ ಮೊದಲೇ ಕಚ್ಚು ಹಾಕಿಟ್ಟಿದ್ದರು, ಅದರಿಂದ ಇಳಿದು ಗಟ್ಟಿಯಾಗಿತ್ತು. ಸಕ್ಕರೆ ಕಾಯಿಲೆಯವರು ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ಮರದ ಲೋಟ ಇದೆಯಲ್ಲ, ಅದು ಈ ಹೊನ್ನೆಯದೇ.

ಮೂಸುವ ಪಾಠ ಇನ್ನೂ ಮಜವಾಗಿತ್ತು. ಕಾಡು ದಾಲ್ಚಿನ್ನಿ ಎಲೆಯಲ್ಲಿ ಬುಡದಿಂದಲೇ ಮೂರು ನರ ಎದ್ದು ತುದಿಯ ಕಡೆ ಹೋಗುತ್ತವೆ. ಸರಿ, ಮೂರು ನರ ಕಂಡರೆ ದಾಲ್ಚಿನ್ನಿ ಅಂತ ನಾವು ಬರೆದುಕೊಂಡೆವು. ಮುಂದಿನ ವಾರ ಅಕ್ಕೋರು ಹೊಳೆಯುವ ಒಂದು ಎಲೆ ತಂದು ಕೊಟ್ಟರು. ಅದರಲ್ಲೂ ಹಾಗೇ ನರಗಳು. ಎಲ್ಲರೂ ದಾಲ್ಚಿನ್ನಿ ಅಂದೆವು. "ಮೂಸಿದ್ರಾ?" ಅಂತ ಕೇಳಿದರು. ಯಾರೂ ಮೂಸಿರಲಿಲ್ಲ. ಅದು ಕಾಸರಕ. ಕಿತ್ತಳೆ ಬಣ್ಣದ ಚೆಂದದ ಹಣ್ಣು ಬಿಡುತ್ತದೆ, ಬೀಜ ಮಾತ್ರ ಕಡು ವಿಷ. ಬಾಯಿಗೆ ಹಾಕಬೇಡಿ ಅಂದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಮುಟ್ಟಲೂಬಾರದ ಮರ ಹೊಲಗೇರು. ಇದರ ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ನಮ್ಮ ಜೊತೆಯ ಒಬ್ಬ ಧೈರ್ಯ ತೋರಿಸಲು ಹೋಗಿ ಎಳೆ ಕೊಂಬೆ ಮುರಿದ. ಸೋಮವಾರ ಶಾಲೆಗೆ ಬಂದಾಗ ಮುಖ ಊದಿಕೊಂಡು ಯಾರು ಅಂತ ಗುರುತೇ ಸಿಗುತ್ತಿರಲಿಲ್ಲ. ಈಗ ಅವನು ಬೆಂಗಳೂರಿನಲ್ಲಿದ್ದಾನೆ, ನೂರಾರು ಗಿಡದ ಹೆಸರು ಮರೆತಿರಬಹುದು, ಈ ಒಂದನ್ನು ಮರೆತಿರಲಿಕ್ಕಿಲ್ಲ.

ಅಕ್ಕೋರಿಗೂ ಗೊತ್ತಿಲ್ಲದ್ದನ್ನು ಹೇಳಿಕೊಟ್ಟವರು ಉಪ್ಪಾಗೆ ಅನ್ನುವ ಹುಳಿ ಹಣ್ಣು ಹೆಕ್ಕಲು ಬರುತ್ತಿದ್ದ ಒಬ್ಬ ಅಜ್ಜಿ. ಉಪ್ಪಾಗೆ, ಮುರುಗಲು (ಕೋಕಂ) ಎರಡರಲ್ಲೂ ಹಳದಿ ಸೊನೆ ಬರುತ್ತದೆ, ಎಲೆ ನೋಡಿ ಹೇಳುವುದು ಹೊಸಬರಿಗೆ ಕಷ್ಟ. ಅಜ್ಜಿಯ ಲೆಕ್ಕ ಸರಳ. ಬೇಸಗೆಯಲ್ಲಿ ಹಣ್ಣಾಗಿ ಕಡುಗೆಂಪು, ಗುಂಡಗೆ, ನುಣ್ಣಗಿದ್ದರೆ ಮುರುಗಲು. ಮಳೆಯಲ್ಲಿ ನೆನೆಯುತ್ತಾ ಹೆಕ್ಕಬೇಕಾಗಿ ಬಂದರೆ, ಹಣ್ಣು ಹಳದಿಯಾಗಿದ್ದು ಮೈತುಂಬ ಗೆರೆ ಇದ್ದರೆ ಉಪ್ಪಾಗೆ. "ಸೊಂಟ ನೋಯ್ತದಲ್ಲ ತಮಾ, ಅದು ಉಪ್ಪಾಗೆ" ಅನ್ನುತ್ತಿದ್ದರು. ಅದು 1990ರ ದಶಕ. ಮೈ ಇಳಿಸುವ ಔಷಧಿಗೆ ಅಂತ ಉಪ್ಪಾಗೆ ಸಿಪ್ಪೆ ಹೊರದೇಶಕ್ಕೆ ಹೋಗಲು ಶುರುವಾಗಿ ರೇಟು ಒಮ್ಮೆಲೇ ಏರಿತ್ತು. ಬೇರೆಯವರಿಗೆ ಸಿಗುವ ಮೊದಲು ನಮಗೆ ಸಿಗಲಿ ಅಂತ ಜನ ಕೊಂಬೆ ಸಮೇತ ಕಾಯಿ ಇಳಿಸಿದರು, ಮಳೆಗಾಲದಲ್ಲಿ ಅದನ್ನು ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಸುಟ್ಟರು. ಅಜ್ಜಿ ಮಾತ್ರ ಬಿದ್ದದ್ದನ್ನು ಹೆಕ್ಕುತ್ತಿದ್ದರು. ಮರ ಉಳಿಸಬೇಕು ಅಂತಲೋ, ಮರ ಹತ್ತಲು ಆಗುವುದಿಲ್ಲ ಅಂತಲೋ, ನಾವು ಕೇಳಲಿಲ್ಲ.

ಒಂದು ಸಲ ವ್ಯಾನ್ ಮಾಡಿಕೊಂಡು ಕತ್ತಲೆಕಾನಿಗೆ ಹೋಗಿದ್ದೆವು, ಸಿದ್ದಾಪುರದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವ ಮೊದಲು ಸಿಗುವ ಕಾಡು. ಅಲ್ಲಿಯ ಜವುಳು ನೆಲದಲ್ಲಿ ನಮ್ಮ ಬೆಟ್ಟದ ಪಾಠ ಒಂದೂ ನಡೆಯಲಿಲ್ಲ. ರಾಮಪತ್ರೆಯ, ಅಂದರೆ ಕಾಡು ಜಾಯಿಕಾಯಿಯ ಬಳಗದ ಮರಗಳು, ಬೇರು ಕೆಸರಿನಿಂದ ಮೇಲೆದ್ದು ಮಂಡಿಯ ಆಕಾರದಲ್ಲಿ ಬಾಗಿ ಮತ್ತೆ ಕೆಸರಿಗೆ ಇಳಿದಿದ್ದವು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಹೀಗೆ. ನಾವು ಹೋಗಿ ಬಂದ ಕೆಲವು ವರ್ಷಗಳ ಮೇಲೆ, 2000ದಲ್ಲಿ, ಅದೇ ಕಾಡಿನ ಒಂದು ಮರವನ್ನು ಸಂಶೋಧಕರು ಹೊಸ ಜಾತಿ ಅಂತ ಗುರುತಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ಟರು. ಗೇರಿನ ಸಂಬಂಧಿ. ಸುದ್ದಿ ಓದಿ ನನಗೆ ರೋಮಾಂಚನ ಆಗಿದ್ದಕ್ಕಿಂತ ಹೊಟ್ಟೆಕಿಚ್ಚು ಆಗಿದ್ದೇ ಜಾಸ್ತಿ. ನಾವು ಅದರ ಬುಡದಲ್ಲೇ ಬುತ್ತಿ ಬಿಚ್ಚಿ ಅವಲಕ್ಕಿ ತಿಂದಿರಬಹುದು, ಅಲ್ವಾ?

ಅಕೇಶಿಯಾ ಬಗ್ಗೆ ಒಂದು ಮಾತು. ರಸ್ತೆ ಬದಿ, ಗುಡ್ಡ ಎಲ್ಲ ಅದೇ ತುಂಬಿರುವುದರಿಂದ ನಮಗೆ ಅದರ ಮೇಲೆ ಸಿಟ್ಟು. ಅದನ್ನೇನು ನೋಡುವುದು ಅಂತ ನಾವು ಮುಂದೆ ಹೋದರೆ ಅಕ್ಕೋರು ಕೂತುಬಿಟ್ಟರು, ಬುಡದಲ್ಲಿ ಹುಟ್ಟಿದ್ದ ಬೆರಳುದ್ದದ ಸಸಿಯ ಮುಂದೆ. ಆ ಸಸಿಯ ಮೊದಲ ಎಲೆಗಳು ಹುಣಸೆ ಸೊಪ್ಪಿನಂತೆ ಸಣ್ಣ ಸಣ್ಣ ದಳದವು. ಅದರ ಮೇಲಿನದರಲ್ಲಿ ತೊಟ್ಟು ಸ್ವಲ್ಪ ಚಪ್ಪಟೆಯಾಗಿ ಅಗಲವಾಗಿತ್ತು, ತುದಿಯಲ್ಲಿ ಒಂದಿಷ್ಟು ದಳ ಉಳಿದಿದ್ದವು. ಅದಕ್ಕೂ ಮೇಲೆ ದಳವೇ ಇಲ್ಲ, ಬರೀ ಚಪ್ಪಟೆ ತೊಟ್ಟು. ನಾವು ಇಷ್ಟು ದಿನ ಅಕೇಶಿಯಾ ಎಲೆ ಅಂದುಕೊಂಡದ್ದು ಎಲೆಯೇ ಅಲ್ಲ! ಆಸ್ಟ್ರೇಲಿಯಾದಿಂದ ಬಂದ ಮರವಾದರೇನು, ನೋಡಬೇಕಾದದ್ದು ನೋಡಲೇಬೇಕು. ಸಿಟ್ಟು ನನಗೆ ಈಗಲೂ ಇದೆ, ಅದು ಬೇರೆ.

ಈಗ ಬೆಟ್ಟದ ಮರಗಳಿಗೆಲ್ಲ ಹೆಸರಿನ ಫಲಕ ಹಾಕುವ ಯೋಚನೆ ಇದೆ ಅಂತ ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಓದಿದೆ. ಹಾಕಿ, ದುಡ್ಡು ನಾನೂ ಕೊಡುತ್ತೇನೆ. ಆದರೆ ಫಲಕ ಎದುರಿಗೇ ಇದ್ದರೆ ಯಾರೂ ಮರ ಮುಟ್ಟುವುದಿಲ್ಲ, ಓದಿಕೊಂಡು ಮುಂದೆ ಹೋಗುತ್ತಾರೆ. ದಾರಿಗೆ ಕಾಣದ ಹಾಗೆ ಹಿಂಬದಿಗೆ ಹಾಕಿ. ಮಕ್ಕಳು ಮೊದಲು ಮುಟ್ಟಿ, ಬುಡ ಕೆದಕಿ, ಜಗಳ ಆಡಿ, ಆಮೇಲೆ ಸುತ್ತು ಬಂದು ಓದಲಿ. ಮೊಳೆ ಹೊಡೆಯಬೇಡಿ, ಸಡಿಲವಾಗಿ ಹಗ್ಗ ಕಟ್ಟಿದರೆ ಸಾಕು. ಹೊಲಗೇರಿನ ಫಲಕ ಮಾತ್ರ ದಾರಿಗೆ ಎದುರಾಗಿಯೇ ಇರಲಿ, ದೊಡ್ಡ ಅಕ್ಷರದಲ್ಲಿ.