ವೆಂಟಿಲೇಟರಿನ ಒಂಬತ್ತನೇ ದಿನ

ಬೆಳಗಿನ ರೌಂಡ್ಸ್ ಮುಗಿದ ಮೇಲೆ ಐಸಿಯು ಬಾಗಿಲಲ್ಲಿ ಕರೆಯುತ್ತಾರೆ: "ಪೇಷಂಟ್ ಕಡೆಯವರು ಯಾರಿದ್ದೀರಿ? ಡಾಕ್ಟರು ಮಾತಾಡಬೇಕಂತೆ." ಒಳಗೆ ಎಪ್ಪತ್ತು ದಾಟಿದ ಅಪ್ಪ. ಪಾರ್ಶ್ವವಾಯು ಹೊಡೆದು, ನುಂಗಿದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಿದೆ. ಬಾಯಿಯೊಳಗಿಂದ ಹಾಕಿದ ವೆಂಟಿಲೇಟರ್ ನಳಿ ಕಿತ್ತುಕೊಳ್ಳದಿರಲಿ ಎಂದು ಸ್ವಾಧೀನವಿರುವ ಕೈಯನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದಾರೆ. ನಳಿ ಒತ್ತಿ ತುಟಿಯ ಅಂಚು ಹುಣ್ಣಾಗಿದೆ.

ಅಷ್ಟರಲ್ಲಿ ಮನೆಯಲ್ಲಿ ಮೂರು ಸುದ್ದಿ ಓಡಾಡುತ್ತಿರುತ್ತವೆ. ರಾತ್ರಿ ಡ್ಯೂಟಿ ಡಾಕ್ಟರು ಅಳಿಯನಿಗೆ ಹೇಳಿದ್ದು ಒಂದು, ನರ್ಸ್ ಮಗಳಿಗೆ ಹೇಳಿದ್ದು ಇನ್ನೊಂದು. "ಬಿಪಿ 110 ಇದೆ, ಅಪ್ಪ ಸುಧಾರಿಸ್ತಿದ್ದಾರೆ" ಎಂದು ಮಗ ಅಮ್ಮನಿಗೆ ಫೋನ್ ಮಾಡಿರುತ್ತಾನೆ. ಆದರೆ ಮಂಚದ ಪಕ್ಕದ ಸಿರಿಂಜ್ ಪಂಪಿನಲ್ಲಿ ಬಿಪಿ ಏರಿಸುವ ಔಷಧ ನಾರ್‌ಅಡ್ರಿನಲಿನ್ ನಿನ್ನೆಗಿಂತ ಎರಡು ಪಟ್ಟಾಗಿದ್ದರೆ ಆ 110 ಔಷಧ ಹಿಡಿದು ನಿಲ್ಲಿಸಿದ ಬಿಪಿ. ಕೇಳಬೇಕಾದದ್ದು ಡೋಸ್ ಏರಿತೋ ಇಳಿಯಿತೋ ಎಂಬುದನ್ನು. ಪಂಪಿನ ಎಂಎಲ್ ನೋಡಿ ನಾವೇ ಲೆಕ್ಕ ಹಾಕಬಾರದು. ಔಷಧವನ್ನು ಎಷ್ಟಕ್ಕೆ ಬೆರೆಸಿದ್ದಾರೆ ಎಂಬುದರ ಮೇಲೆ ಅದು ಬದಲಾಗುತ್ತದೆ. 60 ಕೆಜಿ ತೂಕದವರಿಗೆ ಗಂಟೆಗೆ ಸುಮಾರು 30 ಎಂಎಲ್ ಮೂತ್ರ ಬರಬೇಕು, ಬರುತ್ತಿದೆಯೇ? ಕಣ್ಣು ಬಿಡದಿರುವುದು ನಿದ್ರೆ ಔಷಧದಿಂದಲೋ, ಮಿದುಳಿನ ಪೆಟ್ಟಿನಿಂದಲೋ? ನಿದ್ರೆ ಔಷಧ ನಿಲ್ಲಿಸಿ ಎಷ್ಟು ಹೊತ್ತಾಯಿತು? ಇವನ್ನೆಲ್ಲ ಒಬ್ಬರೇ ಕೇಳಿ, ಒಂದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟರೆ ಅಣ್ಣ-ತಂಗಿ ಜಗಳ ಅರ್ಧ ಅಲ್ಲೇ ನಿಲ್ಲುತ್ತದೆ.

ಡಾಕ್ಟರು ಹೇಳುವುದು ಟ್ರಕಿಯಾಸ್ಟಮಿ ವಿಷಯ, ಅಂದರೆ ಗಂಟಲಿಗೆ ತೂತು ಮಾಡಿ ಅಲ್ಲಿಂದ ಉಸಿರಿನ ನಳಿ ಹಾಕುವುದು. ಬಾಯಿಯ ನಳಿ ಬಹಳ ದಿನ ಇಡುವಂತಿಲ್ಲ. ಎರಡನೇ ವಾರದ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಇದರಿಂದ ಬಾಯಿಗೆ ಆರಾಮ, ನಿದ್ರೆ ಔಷಧವೂ ಕಡಿಮೆ ಸಾಕು. ಮಿದುಳು ಮಾತ್ರ ಇದರಿಂದ ಸುಧಾರಿಸದು. ಮನೆಗೆ ಹೋದರೂ ಕಫ ಎಳೆಯುವ ಸಕ್ಷನ್ ಮೆಷಿನ್, ಮೂಗಿನ ನಳಿಯಲ್ಲಿ ಊಟ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಇದ್ದೇ ಇರುತ್ತದೆ. ರಾತ್ರಿ ಎದ್ದು ಕಫ ತೆಗೆಯುವವರು ಯಾರು ಎಂಬುದು ಸಹಿ ಹಾಕುವ ಮುಂಚೆಯೇ ಇತ್ಯರ್ಥವಾಗಲಿ.

ವಿದೇಶದಲ್ಲಿರುವ ಮಗ ವೀಡಿಯೋ ಕಾಲ್‌ನಲ್ಲಿ "ಎಷ್ಟಾದರೂ ಆಗಲಿ, ಎಲ್ಲಾ ಮಾಡಿಸಿ" ಎನ್ನುತ್ತಾನೆ. ಒಂಬತ್ತು ದಿನದಿಂದ ಬೆಂಚಿನ ಮೇಲೆ ಮಲಗಿದ ತಂಗಿಗೆ ಅದು ಚುಚ್ಚುತ್ತದೆ. ಇಬ್ಬರೂ ತಪ್ಪಲ್ಲ. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಗಡುವು: ಇನ್ನು 72 ಗಂಟೆ ಚಿಕಿತ್ಸೆ ಪೂರ್ತಿ ನಡೆಯಲಿ, ಬಿಪಿ ಔಷಧ ಇಳಿಯುತ್ತದೆಯೇ, ಹೇಳಿದ ಮಾತಿಗೆ ಕಣ್ಣು ಬಿಡುತ್ತಾರೆಯೇ ನೋಡೋಣ, ಶುಕ್ರವಾರ ಹನ್ನೊಂದಕ್ಕೆ ಇದೇ ಡಾಕ್ಟರ ಜೊತೆ ಮತ್ತೆ ಕೂರೋಣ. ಹೃದಯ ನಿಂತರೆ ಎದೆ ಒತ್ತಬೇಕೋ ಬೇಡವೋ ಎಂಬುದನ್ನೂ ಇವತ್ತೇ ಮಾತಾಡಿ ಕೇಸ್‌ಶೀಟಿನಲ್ಲಿ ಬರೆಸಬೇಕು. "ನಾವು ಏನು ಮಾಡೋಣ" ಎನ್ನುವುದಕ್ಕಿಂತ "ಅಪ್ಪ ಎದ್ದು ಕೂತು ಇದನ್ನೆಲ್ಲ ನೋಡಿದ್ದರೆ ಏನೆನ್ನುತ್ತಿದ್ದರು" ಎಂದು ಅಮ್ಮನನ್ನು ಕೇಳಿ. ಆಕೆಗೆ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ.

ಸುಧಾರಿಸದಿದ್ದರೆ ಹಲವರು ಹಿಡಿಯುವ ದಾರಿ, ವೈದ್ಯರ ಸಲಹೆಗೆ ವಿರುದ್ಧ ಎಂದು ಸಹಿ ಹಾಕಿ ಮನೆಗೊಯ್ಯುವುದು. ಆಂಬ್ಯುಲೆನ್ಸಿನವರು ಹೊಸ್ತಿಲಲ್ಲಿ ನಳಿ ತೆಗೆದು ಹೋಗುತ್ತಾರೆ. ಉಬ್ಬಸಕ್ಕೆ ಮಾರ್ಫಿನ್ ಕೊಡುವವರಿಲ್ಲ. ಇದು ಖಂಡಿತ ಬೇಡ. ಸುಧಾರಿಸುವ ಆಸೆ ಇಲ್ಲದಾಗ ಆಸ್ಪತ್ರೆಯಲ್ಲೇ ಯಂತ್ರ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಕ್ರಮ ಇದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಚಿಕಿತ್ಸೆ ಕೊಡುವ ವೈದ್ಯರೂ ಸೇರಿ ಮೂವರ ಪ್ರಾಥಮಿಕ ಮಂಡಳಿ, ಆಮೇಲೆ ಬೇರೆ ಮೂವರ ಎರಡನೇ ಮಂಡಳಿ, ಮನೆಯವರ ಒಪ್ಪಿಗೆ. ತೀರ್ಮಾನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪ್ರತಿ ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಹೇಳಬೇಕೆಂದಿದೆ. ಹೀಗೆ ಮಾಡಿದರೆ ಮೊದಲು ಮಾರ್ಫಿನ್ ಕೊಟ್ಟು, ಉಸಿರು ಹಗುರಾದ ಮೇಲೆ ಯಂತ್ರ ತೆಗೆಯುತ್ತಾರೆ. ಆಮೇಲೆ ಉಸಿರು ನಿಲ್ಲಲು ಕೆಲವು ನಿಮಿಷವೂ ಆಗಬಹುದು, ಎರಡು ದಿನವೂ ಹಿಡಿಯಬಹುದು. ಇದನ್ನು ಮನೆಯವರಿಗೆ ಮೊದಲೇ ಹೇಳಿಡಬೇಕು.

ಸಂಜೆ ಹದಿನೈದು ನಿಮಿಷ ಒಳಗೆ ಬಿಡುತ್ತಾರೆ. ಅಮ್ಮ ಸೆರಗಿನಡಿ ತುಳಸಿ ನೀರಿನ ಪುಟ್ಟ ಬಾಟಲಿ ತಂದಿರುತ್ತಾರೆ. ಬಾಯಿಗೆ ಹಾಕಿದರೆ ಶ್ವಾಸನಾಳಕ್ಕೆ ಇಳಿಯಬಹುದು. ನರ್ಸನ್ನು ಕೇಳಿದರೆ ಗಾಜ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಕೊಡುತ್ತಾರೆ. ಹುಣ್ಣಿಲ್ಲದ ಕಡೆಯಿಂದ ತುಟಿ ಒರೆಸಬಹುದು. ಅಷ್ಟು ಹೊತ್ತು ಕೈ ಕಟ್ಟು ಬಿಚ್ಚಲೂ ಬಿಡುತ್ತಾರೆ, ಯಾರಾದರೂ ಆ ಕೈ ಹಿಡಿದುಕೊಂಡಿದ್ದರೆ.