ನೇತ್ರಾಣಿ ಗುಡ್ಡದ ಸುತ್ತ ಒಂದು ರೌಂಡು

ನೇತ್ರಾಣಿ ದ್ವೀಪ ಅಂದ್ರೆ ಎಲ್ರಿಗೂ ಸ್ಕೂಬಾ ಡೈವಿಂಗೇ ನೆನಪಾಗೋದು. ನಾವೂ ಅದಕ್ಕೇ ಅಂತ ಹೋಗಿದ್ದು, ಆದ್ರೆ ನಂಗೆ ಜಾಸ್ತಿ ಹಿಡಿಸಿದ್ದು ನೀರಿನ ಮೇಲಿರೋ ಗುಡ್ಡ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ಇದೆ, ಬೋಟ್ ಹೊರಟು ಸ್ವಲ್ಪ ಹೊತ್ತಿಗೆಲ್ಲ ಆ 123 ಅಡಿ ಶಿವನ ಮೂರ್ತಿ ಹೆಬ್ಬೆರಳಷ್ಟಾಗಿ ಆಮೇಲೆ ಕಾಣೋದೇ ಇಲ್ಲ. ಬಯಲುಸೀಮೆ ಜನ ನಾವು, ಅರ್ಧ ದಾರೀಲೇ ಇಬ್ರು ವಾಂತಿ ಶುರು ಮಾಡಿದ್ರು, ಅವರ ಕಥೆ ಬಿಡಿ.

ಮೇಲಿಂದ ತೆಗೆದ ಫೋಟೋದಲ್ಲಿ ಈ ದ್ವೀಪ ಹಾರ್ಟ್ ಶೇಪಲ್ಲಿ ಕಾಣತ್ತೆ, ಇನ್‌ಸ್ಟಾದಲ್ಲಿ ಎಲ್ಲಾ ಅದೇ. ಬೋಟಿಂದ ನೋಡಿದ್ರೆ ಹಾರ್ಟೂ ಇಲ್ಲ ಏನೂ ಇಲ್ಲ, ನೀರಿಂದ ಸೀದಾ ಎದ್ದು ನಿಂತ ಕಪ್ಪು ಬಂಡೆ, ಅದರ ತಲೆ ಮೇಲೆ ದಟ್ಟ ಕಾಡು, ಕಾಲಿಡೋಕೆ ಒಂಚೂರು ಮರಳೂ ಇಲ್ಲ. ಇಳೀಬಹುದಾ ಅಂತ ಕೇಳಿದ್ದಕ್ಕೆ ಬೋಟ್‌ನವರು "ಇಳಿಲಿಕ್ಕೆ ಆಗುದಿಲ್ಲ ಮಾರ್ರೆ, ಅಲೆ ಹೊಡೆಯುದು ಕಾಣಿ" ಅಂದ್ರು. ಹಾಗಿದ್ರೂ ಮೀನುಗಾರರು ಹತ್ತಿ ಹೋಗಿ ಅಲ್ಲಿರೋ ಜಟ್ಟಿಗ ದೇವರಿಗೆ ಹರಕೆ ಆಡು ಬಿಟ್ಟು ಬರ್ತಾರಂತೆ, ಅವೇ ಈಗ ಕಾಡು ಆಡುಗಳಾಗಿ ಬಂಡೆ ಅಂಚಲ್ಲಿ ಆರಾಮಾಗಿ ಓಡಾಡ್ಕೊಂಡಿವೆ, ನೋಡಿದ್ರೆ ನಮಗೇ ತಲೆ ಸುತ್ತತ್ತೆ.

ಆಮೇಲೆ ಬಂತು ನೋಡಿ ಬಿಳಿ ಹೊಟ್ಟೆಯ ಕಡಲ ಹದ್ದು. ತಲೆ, ಎದೆ, ಹೊಟ್ಟೆ ಎಲ್ಲ ಬಿಳಿ, ರೆಕ್ಕೆ ಬೂದಿ ಬಣ್ಣ. ದಡದಲ್ಲಿ ದಿನಾ ನೋಡೋ ಗರುಡ ಇದರ ಮುಂದೆ ಪುಟ್ಟದು ಅನ್ಸತ್ತೆ. ರೆಕ್ಕೆ ಬಡಿಯದೇ ನಮ್ಮ ಬೋಟ್ ಮೇಲೇ ಒಂದು ಸುತ್ತು ಹಾಕಿ ಮೇಲಿನ ಮರದಲ್ಲಿ ಕೂತ್ಕೊಂಡ್ತು. ಈ ಹದ್ದುಗಳು ವರ್ಷ ವರ್ಷ ಅದೇ ಗೂಡಿಗೇ ವಾಪಸ್ ಬಂದು ಕಡ್ಡಿ ಸೇರಿಸ್ತಾ ಹೋಗ್ತವೆ, ಹಾಗಾಗಿ ಗೂಡು ಸಿಕ್ಕಾಪಟ್ಟೆ ದೊಡ್ಡದಾಗತ್ತೆ, ಅಂದ್ರೆ ಒಂದು ಮರ ಹೋದ್ರೆ ಎಷ್ಟೋ ವರ್ಷದ ಮನೆ ಹೋದಂಗೆ. ಇಂಥ ಜಾಗನ ನೇವಿಯವರು ಫೈರಿಂಗ್ ಪ್ರಾಕ್ಟೀಸ್‌ಗೆ ಟಾರ್ಗೆಟ್ ಮಾಡ್ಕೊಂಡಿದ್ರು ಅಂದ್ರೆ ನಂಬೋಕಾಗಲ್ಲ, ದೇಶಕ್ಕೆ ಪ್ರಾಕ್ಟೀಸ್ ಬೇಕು ಸರಿ, ಆದ್ರೆ ಹದ್ದು ಗೂಡು ಕಟ್ಟೋ ಗುಡ್ಡನೇ ಬೇಕಿತ್ತಾ?

ನೀರೊಳಗಿನದ್ದೂ ಹೇಳ್ತೀನಿ. ಮುಖ ಮುಳುಗಿಸಿದ ತಕ್ಷಣ ಕಟ್ ಕಟ್ ಅಂತ ಸೌಂಡು, ಏನಪ್ಪಾ ಅಂದ್ಕೊಂಡ್ರೆ ಗಿಳಿಮೀನು ಹವಳದ ಬಂಡೆ ಕೆರೀತಾ ಇತ್ತು! ಪಾಚಿ ತಿನ್ನೋಕೆ ಹೋಗಿ ಹವಳನೂ ಪುಡಿ ಮಾಡಿ ನುಂಗತ್ತೆ, ಹಿಂದಿನಿಂದ ಮರಳಾಗಿ ಬಿಡತ್ತೆ, ಅದು ಹೊಗೆ ತರ ಉದುರೋದನ್ನ ಕಣ್ಣಾರೆ ನೋಡಿದೆ. ಬೀಚಲ್ಲಿ ಬರಿಗಾಲಲ್ಲಿ ನಡೆಯೋರು ಇದನ್ನ ಓದ್ಬೇಡಿ. ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ ಓಡಾಡ್ತಿದ್ವು, ಬಂಡೆ ಸಂದಿಲೆಲ್ಲ ಮುಳ್ಳು ಮುಳ್ಳಿನ ಕಡಲ ಚೆಂಡು (ಸೀ ಅರ್ಚಿನ್ ಅನ್ನೋ ಜೀವಿ), ಕೈ ಇಡೋಕೆ ಹೋಗ್ಬೇಡಿ.

ಹೋಗೋರು ಮಳೆಗಾಲ ಬಿಟ್ಟು ಹೋಗಿ, ಆಗ ಬೋಟೇ ಬಿಡಲ್ಲ. ಡಿಸೆಂಬರ್, ಜನವರಿಲಿ ನೀರು ತಿಳಿಯಾಗಿರತ್ತೆ. ಒಂದು ಬೈನಾಕ್ಯುಲರ್ ಇಟ್ಕೊಳ್ಳಿ, ಡೈವ್ ಮುಗಿದ ಮೇಲೆ ಗುಡ್ಡಕ್ಕೆ ಒಂದು ರೌಂಡ್ ಹೊಡೆಸಿ ಅಂತ ಬೋಟ್‌ನವರಿಗೆ ಹೊರಡೋಕೆ ಮುಂಚೆನೇ ಹೇಳಿಡಿ, ಆಮೇಲೆ ಕೇಳಿದ್ರೆ ಊಟಕ್ಕೆ ಲೇಟಾಯ್ತು ಅಂತಾರೆ.