ಮಂಡ್ಯದ ಲಾರಿಗೆ ಮಾತ್ರ ಕೈಕೊಟ್ಟ ಪ್ರೋಗ್ರಾಂ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಕಚೇರಿಯಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳಿಗೆ ತಂತ್ರಾಂಶ ಬರೆಯುತ್ತೇವೆ. ಹೊಸಬರ ಕೋಡ್ ನೋಡುವ ಕೆಲಸ ನನ್ನದು. ಈಚೆಗೆ ಸೇರಿದ ಹುಡುಗಿಯೊಬ್ಬಳು, ಲಾರಿ ಸಂಖ್ಯೆಯಿಂದ ಆರ್‌ಟಿಒ ಭಾಗವನ್ನು ತೆಗೆದು ಉಳಿದದ್ದನ್ನು ತೂಕದ ಚೀಟಿಯಲ್ಲಿ ಮುದ್ರಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಲ್‌ಸ್ಟ್ರಿಪ್ (ಎಡಗಡೆ ಸುಲಿ ಎಂದರ್ಥ) ಎಂಬ ಫಂಕ್ಷನ್ ಬಳಸಿದ್ದಳು. ಮೈಸೂರಿನ ಕೆಎ-09-ಸಿ-2345 ಕೊಟ್ಟರೆ ಸಿ-2345 ಬಂತು. ಸರಿಯೇ. ಮಂಡ್ಯದ ಕಬ್ಬಿನ ಲಾರಿಗೆ, ಕೆಎ-11-ಎ-1145 ಎಂದಿಟ್ಟುಕೊಳ್ಳಿ, ಬರೀ 45 ಬಂತು!

ಎಲ್‌ಸ್ಟ್ರಿಪ್ ಎಡಗಡೆಯಿಂದ ಸುಲಿಯುತ್ತದೆ, ನಿಜ. ಆದರೆ ನಾವು ಕೊಟ್ಟ 'ಕೆಎ-11-' ಅದರ ಕಣ್ಣಿಗೆ ಒಂದು ತುಂಡಲ್ಲ. ಕೆ, ಎ, ಅಡ್ಡಗೆರೆ, 1 ಇವುಗಳಲ್ಲಿ ಯಾವುದು ಎದುರಾದರೂ ಕಿತ್ತುಹಾಕುತ್ತಾ ಹೋಗುತ್ತದೆ. 4 ಸಿಕ್ಕ ಮೇಲೆಯೇ ನಿಲ್ಲುವುದು. ಮೈಸೂರಿನ ಲಾರಿಯನ್ನು ಉಳಿಸಿದ್ದು ಆ 'ಸಿ'.

ಪಾಪ, ಅವಳು ಅಷ್ಟು ಹೊತ್ತೂ ತನ್ನ ಲೂಪ್‌ಗಳನ್ನೇ ತಿದ್ದುತ್ತಿದ್ದಳು. "ಸರ್, ನನಗೆ ಬೇಸಿಕ್ಕೇ ಸರಿಯಾಗಿ ಬರುವುದಿಲ್ಲ ಅನ್ನಿಸುತ್ತದೆ" ಎಂದಳು. ಇದೇ ಗೊಂದಲಕ್ಕೆ ಎಷ್ಟೋ ಜನ ಸಿಲುಕಿ, ಕೊನೆಗೆ 2020ರ ಪೈಥಾನ್ 3.9 ಆವೃತ್ತಿಯಲ್ಲಿ, ಕೊಟ್ಟ ತುಂಡನ್ನು ಇಡಿಯಾಗಿ ಮಾತ್ರ ತೆಗೆಯುವ ರಿಮೂವ್‌ಪ್ರಿಫಿಕ್ಸ್ ಎಂಬ ಬೇರೆಯದನ್ನೇ ಸೇರಿಸಬೇಕಾಯಿತು ಎಂದು ತಿಳಿಸಿದೆ. ಆಮೇಲೆ ಸ್ವಲ್ಪ ನಿರಾಳವಾದಳು.

ವಿಚಿತ್ರ ಹೆಸರುಗಳು ಹೊಸಬರನ್ನು ಅಷ್ಟೇನೂ ಕಾಡುವುದಿಲ್ಲ. ಚಿತ್ರಗಳನ್ನು ಸಂಸ್ಕರಿಸುವ ಒಂದು ಲೈಬ್ರರಿಯನ್ನು (ಸಿದ್ಧ ಕೋಡ್‌ನ ಕಟ್ಟು) ಓಪನ್‌ಸಿವಿ-ಪೈಥಾನ್ ಎಂದು ಇನ್‌ಸ್ಟಾಲ್ ಮಾಡಿ, ಪ್ರೋಗ್ರಾಂಗೆ ಇಂಪೋರ್ಟ್ ಮಾಡುವಾಗ ಸಿವಿ2 ಎನ್ನಬೇಕು. ತಪ್ಪಿದರೆ ಕೂಡಲೇ ಎರರ್ ಬರುತ್ತದೆ. ಬೈದುಕೊಂಡು ಹುಡುಕಿ ಮುಂದೆ ಹೋಗುತ್ತಾರೆ. ಎಲ್‌ಸ್ಟ್ರಿಪ್‌ನಂತೆ ನೋಡಿದ ಕೂಡಲೇ ಅರ್ಥವಾದಂತೆ ಕಾಣುವ ಹೆಸರಿದೆಯಲ್ಲ, ನನಗೆ ಭಯ ಅದರದ್ದೇ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಗೆಟ್‌ಡೇ ಕೊಡುವುದು ತಾರೀಖನ್ನಲ್ಲ, ವಾರದ ದಿನವನ್ನು, ಭಾನುವಾರಕ್ಕೆ 0. ತಾರೀಖು ಬೇಕಿದ್ದರೆ ಗೆಟ್‌ಡೇಟ್. ತಿಂಗಳ 3ನೆಯ ತಾರೀಖು ಬುಧವಾರವಾಗಿದ್ದರಂತೂ ಎರಡರಿಂದಲೂ 3 ಬರುತ್ತದೆ. ಪರೀಕ್ಷೆ ಪಾಸು, ದೋಷ ಗ್ರಾಹಕನ ಮನೆಗೆ.

ನಮ್ಮದೇ ಲೈಬ್ರರಿಯ ಫಂಕ್ಷನ್‌ಗಳನ್ನು ಈಗ ಹೆಸರು ಮಾತ್ರ ತೋರಿಸಿ, ಒಳಗೇನು ನಡೆಯುತ್ತದೆ ಹೇಳಿ ಎಂದು ಹೊಸಬರನ್ನೇ ಕೇಳುತ್ತೇನೆ. ಗೆಟ್‌ವೇಟ್ ಎಂಬುದಕ್ಕೆ ಒಬ್ಬ ಕಬ್ಬಿನ ತೂಕ ಎಂದ, ಇನ್ನೊಬ್ಬ ಲಾರಿ ಸಮೇತ ಎಂದ. ಹೀಗಾಗಿ ಗ್ರಾಸ್‌ವೇಟ್, ನೆಟ್‌ವೇಟ್ ಎಂದು ಎರಡು ಮಾಡಿದೆವು. ಹಳೆಯ ಹೆಸರನ್ನು ನೆಚ್ಚಿಕೊಂಡ ಪ್ರೋಗ್ರಾಂಗಳು ಇನ್ನೂ ಓಡುತ್ತಿರುವುದರಿಂದ ಅದನ್ನು ಕಿತ್ತಿಲ್ಲ. ಕರೆದಾಗಲೆಲ್ಲ ಎಚ್ಚರಿಕೆ ಮೂಡುತ್ತದೆ. ಅದು ಕಿರಿಕಿರಿ ಎಂದು ಹಿರಿಯ ಸಹೋದ್ಯೋಗಿಗಳ ತಕರಾರು. ಹೊಸ ಹೆಸರಿಗೆ ಬದಲಾಯಿಸಿಕೊಂಡರೆ ಅದು ನಿಲ್ಲುತ್ತದೆ ಎಂದಿದ್ದೇನೆ.